ಹೊಲದ ಜೊತೆಗೆ ಬಂದ ಚರ್ಚಿನ ಚಾವಣಿ

ಇಂಗ್ಲೆಂಡಿನ ವಾರಿಕ್‌ಶೈರಿನಲ್ಲಿ ಆಸ್ಟನ್ ಕ್ಯಾಂಟ್ಲೋ ಎಂಬ ಸಣ್ಣ ಹಳ್ಳಿ ಇದೆ. ಷೇಕ್ಸ್‌ಪಿಯರನ ತಂದೆತಾಯಿಯರ ಮದುವೆ ನಡೆದದ್ದು ತಮ್ಮೂರಿನ ಚರ್ಚಿನಲ್ಲೇ ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಅದಕ್ಕೆ ದಾಖಲೆ ಇಲ್ಲದಿದ್ದರೂ ಯಾರೂ ತಕರಾರು ತೆಗೆದಿಲ್ಲ. ತಕರಾರು ಎದ್ದದ್ದು ಅದೇ ಚರ್ಚಿನ ರಿಪೇರಿ ಖರ್ಚಿನ ಬಗ್ಗೆ. 1994ರಲ್ಲಿ ಚರ್ಚಿನ ಆಡಳಿತ ಸಮಿತಿ ಊರಿನಲ್ಲಿ ಜಮೀನಿದ್ದ ಒಂದು ದಂಪತಿಗೆ ನೋಟಿಸು ಕಳಿಸಿತು. ಚಾನ್ಸೆಲ್, ಅಂದರೆ ಪೂಜಾವೇದಿಕೆ ಇರುವ ಪೂರ್ವ ದಿಕ್ಕಿನ ಭಾಗ, ಶಿಥಿಲವಾಗಿದೆ. ಅದನ್ನು ದುರಸ್ತಿ ಮಾಡಿಸಿಕೊಡುವುದು ನಿಮ್ಮ ಹೊಣೆ. ಅಂದಾಜು ಖರ್ಚು 95,000 ಪೌಂಡು.

ದಂಪತಿ ಆ ಚರ್ಚಿನ ಧರ್ಮದರ್ಶಿಗಳೇನೂ ಆಗಿರಲಿಲ್ಲ. ಅವರ ಜಮೀನಿಗೆ ಕ್ಲಾನ್‌ಏಕರ್ ಎಂಬ ಒಂದು ಹೊಲ ಸೇರಿತ್ತು, ಅಷ್ಟೇ.

ಆ ಹೊಲಕ್ಕೂ ಚರ್ಚಿನ ಚಾವಣಿಗೂ ಗಂಟು ಬಿದ್ದದ್ದು ಮಧ್ಯಯುಗದಲ್ಲಿ. ಆಗ ಇಂಗ್ಲೆಂಡಿನ ಪ್ರತಿ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ, ರೈತರೂ ಬೆಳೆದುದರಲ್ಲಿ ಹತ್ತನೆಯ ಒಂದು ಪಾಲನ್ನು ಪಾದ್ರಿಗೆ ಕೊಡಬೇಕಿತ್ತು. ಈ ಪಾಲನ್ನೂ ಚರ್ಚಿನ ಜಮೀನನ್ನೂ ಅನುಭವಿಸುವವನಿಗೆ ರೆಕ್ಟರ್ ಎಂಬ ಹೆಸರು. ಜನ ನಿಂತು ಪ್ರಾರ್ಥಿಸುವ ಹಜಾರದ ದುರಸ್ತಿ ಊರಿನವರದು, ಚಾನ್ಸೆಲಿನ ದುರಸ್ತಿ ರೆಕ್ಟರನದು ಎಂಬುದು ರೂಢಿ. ಆದಾಯ ಉಣ್ಣುವವನು ಮಾಡು ಹೊದಿಸಲಿ ಎಂಬ ಈ ಲೆಕ್ಕಾಚಾರದಲ್ಲಿ ಅನ್ಯಾಯವೇನೂ ಇರಲಿಲ್ಲ. ಕಾಲಕ್ರಮದಲ್ಲಿ ಅನೇಕ ಊರುಗಳ ರೆಕ್ಟರ್ ಹಕ್ಕು ದೊಡ್ಡ ದೊಡ್ಡ ಕ್ರೈಸ್ತ ಮಠಗಳ ಕೈಗೆ ಹೋಯಿತು. 1536ರಿಂದ 1540ರೊಳಗೆ ಎಂಟನೇ ಹೆನ್ರಿ ಆ ಮಠಗಳನ್ನೆಲ್ಲ ಮುಚ್ಚಿಸಿ, ಅವುಗಳ ಆಸ್ತಿಯನ್ನು ವಶಪಡಿಸಿಕೊಂಡು, ಬಹುಪಾಲನ್ನು ಶ್ರೀಮಂತರಿಗೂ ವ್ಯಾಪಾರಿಗಳಿಗೂ ಮಾರಿದ. ಹತ್ತನೆಯ ಪಾಲಿನ ಹಕ್ಕೂ ಆ ಮಾರಾಟದಲ್ಲಿ ಸೇರಿತ್ತು. ಹೀಗೆ ಬೈಬಲ್ ಮುಟ್ಟದವರೂ ರೆಕ್ಟರರಾದರು, ಚಾನ್ಸೆಲಿನ ಹೊಣೆ ಹೊತ್ತರು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕೆಲವು ಕಾಲೇಜುಗಳಿಗೂ ಈ ಹೊಣೆ ಅಂಟಿಕೊಂಡದ್ದು ಇಂಥ ಹಕ್ಕುಗಳಿಂದಲೇ.

ಮುಂದೆ ಹದಿನೆಂಟನೇ ಶತಮಾನದಲ್ಲಿ ಊರೊಟ್ಟಿನ ಬಯಲುಗಳಿಗೆ ಬೇಲಿ ಬಿದ್ದು ಅವು ಖಾಸಗಿ ಹಿಡುವಳಿಗಳಾದವು. ವರ್ಷವರ್ಷ ಪಾಲು ಎತ್ತುವ ರಗಳೆಯೇ ಬೇಡವೆಂದು ರೆಕ್ಟರನಿಗೆ ಅದರ ಬದಲು ಒಂದು ತುಂಡು ಭೂಮಿ ಬಿಟ್ಟುಕೊಡುವ ಪದ್ಧತಿ ಬಂತು. ಆಸ್ಟನ್ ಕ್ಯಾಂಟ್ಲೋದಲ್ಲಿ 1743ರ ಹಂಚಿಕೆಯಲ್ಲಿ ಹಾಗೆ ಬಿಟ್ಟುಕೊಟ್ಟ ಭೂಮಿಯೇ ಕ್ಲಾನ್‌ಏಕರ್. ಪಾಲು ನಿಂತಿತು, ಅದರ ಜಾಗದಲ್ಲಿ ಬಂದ ಹೊಲಕ್ಕೆ ಹೊಣೆ ಅಂಟಿಕೊಂಡಿತು.

ಕರ್ನಾಟಕದ ಓದುಗರಿಗೆ ಇಲ್ಲಿ ದೇವಸ್ಥಾನದ ಇನಾಮು ಜಮೀನು ನೆನಪಾಗಬಹುದು. ಅಲ್ಲೂ ಭೂಮಿಯ ಜೊತೆಗೆ ಸೇವೆಯ ಹೊಣೆ ಇರುತ್ತಿತ್ತು. ಆದರೆ ಮೈಸೂರು ರಾಜ್ಯದಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯಿದೆ ಬಂದಾಗ ಇನಾಮನ್ನು ತೆಗೆದು, ದೇವಸ್ಥಾನದ ಖರ್ಚಿಗೆ ಸರ್ಕಾರದಿಂದ ತಸ್ತೀಕು ಕೊಡುವ ಏರ್ಪಾಡಾಯಿತು. ಇಂಗ್ಲೆಂಡ್ ಕೂಡ 1936ರಲ್ಲಿ ಹತ್ತನೆಯ ಪಾಲಿನ ಬಾಬ್ತು ಉಳಿದಿದ್ದ ಹಣದ ಸಲ್ಲಿಕೆಯನ್ನು ರದ್ದುಮಾಡಿತು. ಹಂಚಿಕೆಯ ಹೊಲಗಳ ಮೇಲಿದ್ದ ದುರಸ್ತಿಯ ಹೊಣೆಯನ್ನು ಮಾತ್ರ ಮುಟ್ಟಲಿಲ್ಲ. ಆದಾಯವನ್ನು ತೆಗೆದು ಋಣವನ್ನು ಉಳಿಸುವ ಈ ಬುದ್ಧಿವಂತಿಕೆಗೆ ಏನೆನ್ನಬೇಕೋ!

ಮುಟ್ಟಲಿಲ್ಲ ಎನ್ನುವುದಕ್ಕಿಂತ, ಅದಕ್ಕೆ ಮೊದಲೇ ಇನ್ನಷ್ಟು ಬಿಗಿ ಮಾಡಿತ್ತು ಎನ್ನಬೇಕು. ಚರ್ಚಿನ ನ್ಯಾಯಾಲಯಗಳ ಅಧೀನದಲ್ಲಿದ್ದ ಈ ವ್ಯಾಜ್ಯಗಳನ್ನು 1932ರ ಕಾಯಿದೆ ಸಿವಿಲ್ ಕೋರ್ಟಿಗೆ ವರ್ಗಾಯಿಸಿ ವಸೂಲಿಯ ದಾರಿಯನ್ನು ಸಲೀಸು ಮಾಡಿತು. 1935ರ ವಿಕಮ್‌ಬ್ರೂಕ್ ಪ್ರಕರಣದ ತೀರ್ಪು ಇನ್ನೂ ಖಾರ: ರೆಕ್ಟರನ ಭೂಮಿ ಹತ್ತು ಜನರಲ್ಲಿ ಹಂಚಿಹೋಗಿದ್ದರೂ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಖರ್ಚನ್ನು ಕೇಳಬಹುದು, ಭೂಮಿಯಿಂದ ಎಷ್ಟು ಹುಟ್ಟುವಳಿ ಬರುತ್ತದೆ ಎಂಬುದು ಲೆಕ್ಕಕ್ಕೆ ಬಾರದು. 1985ರಲ್ಲಿ ಇಂಗ್ಲೆಂಡಿನ ಕಾನೂನು ಆಯೋಗ ಹತ್ತು ವರ್ಷದ ಗಡುವು ಕೊಟ್ಟು ಈ ಹೊಣೆಯನ್ನೇ ತೆಗೆದುಹಾಕಿ ಎಂದು ಶಿಫಾರಸು ಮಾಡಿತು. ಯಾವ ಸರ್ಕಾರವೂ ಅದನ್ನು ಜಾರಿಗೆ ತರಲಿಲ್ಲ.

ಆಸ್ಟನ್ ಕ್ಯಾಂಟ್ಲೋ ದಂಪತಿ ಕೋರ್ಟು ಹತ್ತಿದರು. 2001ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಮಾನವ ಹಕ್ಕುಗಳ ಆಧಾರದ ಮೇಲೆ ಗೆದ್ದರು. 2003ರ ಜೂನ್‌ನಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುವಿಹಾಕಿತು. ಚರ್ಚಿನ ಸಮಿತಿ ಸರ್ಕಾರಿ ಅಂಗವಲ್ಲ, ಇದು ಭೂಮಿಯ ಜೊತೆಗೇ ಬರುವ ಹೊಣೆ ಎಂಬುದು ತೀರ್ಪಿನ ಸಾರ. 2007ರಲ್ಲಿ ದುರಸ್ತಿಯ ಮೊತ್ತ 1,86,969 ಪೌಂಡು ಎಂದು ನಿಗದಿಯಾಯಿತು. ವಕೀಲರ ಖರ್ಚು ಬೇರೆ. ಕಡೆಗೆ ಜಮೀನನ್ನೇ ಮಾರಬೇಕಾಯಿತು.

ಈ ತೀರ್ಪಿನ ಸುದ್ದಿಗೆ ಮನೆ ಕೊಳ್ಳುವವರೆಲ್ಲ ಬೆಚ್ಚಿಬಿದ್ದರು. ಬೆಂಗಳೂರಿನಲ್ಲಿ ಸೈಟು ಕೊಳ್ಳುವವರು ಇಷ್ಟು ವರ್ಷದ ಇ.ಸಿ. ತೆಗೆಸಿದರೆ ಋಣಭಾರ ಇದೆಯೋ ಇಲ್ಲವೋ ತಿಳಿಯುತ್ತದೆ ಎಂದುಕೊಳ್ಳುತ್ತಾರಲ್ಲ, ಆದರೆ ಚಾನ್ಸೆಲಿನ ಹೊಣೆ ಇಂಗ್ಲೆಂಡಿನ ಭೂನೋಂದಣಿಯಲ್ಲಿ ಕಾಣಿಸಲೇಬೇಕೆಂದಿರಲಿಲ್ಲ. ಕಾಣಿಸದಿದ್ದರೂ ಕೊಂಡವರನ್ನು ಕಟ್ಟಿಹಾಕುತ್ತಿತ್ತು. ಸರ್ಕಾರ ಚರ್ಚುಗಳಿಗೆ 2013ರ ಅಕ್ಟೋಬರ್ 13ರ ಗಡುವು ಕೊಟ್ಟಿತು: ಅಷ್ಟರೊಳಗೆ ನೋಂದಾಯಿಸದಿದ್ದರೆ ಆಮೇಲೆ ಹಣ ಕೊಟ್ಟು ಕೊಳ್ಳುವವರ ಮೇಲೆ ಹಕ್ಕು ಸಾಧಿಸುವಂತಿಲ್ಲ. ಪಿತ್ರಾರ್ಜಿತವಾಗಿಯೋ ದಾನವಾಗಿಯೋ ಪಡೆದವರಿಗೆ ಈ ರಿಯಾಯಿತಿ ಇಲ್ಲ. ಗಡುವು ಹತ್ತಿರವಾದಂತೆ ಹಳ್ಳಿಹಳ್ಳಿಗಳಲ್ಲಿ ಮುಜುಗರದ ನಾಟಕ. ನೋಂದಾಯಿಸಿದರೆ ಪ್ರತಿ ಭಾನುವಾರ ಪ್ರಾರ್ಥನೆಗೆ ಬರುವ ನೆರೆಯವರ ಮುನಿಸು. ನೋಂದಾಯಿಸದಿದ್ದರೆ ಚರ್ಚಿನ ಆಸ್ತಿ ಕಳೆದ ಆರೋಪ ಸಮಿತಿಯವರ ತಲೆಗೆ.

ಭಯ ಹುಟ್ಟಿದ ಕಡೆ ವಿಮೆಯೂ ಹುಟ್ಟುತ್ತದೆ. ಹತ್ತಾರು ಪೌಂಡುಗಳನ್ನು ಒಂದೇ ಸಲ ಕಟ್ಟಿದರೆ ಚಾನ್ಸೆಲ್ ದುರಸ್ತಿಯ ಅಪಾಯಕ್ಕೆ ದೀರ್ಘಾವಧಿಯ ಪಾಲಿಸಿ ಸಿಗುತ್ತದೆ. ಷರತ್ತೇ ಸ್ವಾರಸ್ಯದ್ದು. ನಮ್ಮ ಮನೆಗೆ ನಿಮ್ಮ ಹಕ್ಕು ತಗಲುತ್ತದೆಯೇ ಎಂದು ಚರ್ಚನ್ನು ಕೇಳಿದಿರೋ, ಪಾಲಿಸಿ ಸಿಗುವುದು ಕಷ್ಟ, ಸಿಕ್ಕಿದ್ದರೂ ರದ್ದಾಗಬಹುದು. ಮಲಗಿದ ನಾಯಿಯನ್ನು ಎಬ್ಬಿಸದವನಿಗೆ ಮಾತ್ರ ರಕ್ಷಣೆ.

ಮನೆ ನವೀಕರಣದಲ್ಲೂ ಇದೇ ಕಥೆ. ಹಿಂದಿನ ಮಾಲೀಕರು ಅನುಮತಿ ಪತ್ರವಿಲ್ಲದೆ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡಿದ್ದರೆ, ಮಾರುವಾಗ ಅದಕ್ಕೊಂದು ಪಾಲಿಸಿ ಮಾಡಿಸಿಕೊಡುವುದು ಅಲ್ಲಿ ಮಾಮೂಲು. ಅಲ್ಲೂ ಸ್ಥಳೀಯ ಕೌನ್ಸಿಲಿಗೆ ಸುಳಿವು ಕೊಡಬಾರದೆಂಬುದು ಷರತ್ತು. ಪಾಲಿಸಿ ಭರಿಸುವುದು ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟವನ್ನು. ತೊಲೆಯಿಲ್ಲದೆ ನಿಂತ ಮಹಡಿ ಕುಸಿದರೆ ಅದು ನಿಮ್ಮ ಹಣೆಬರಹ. ಕಾಮಗಾರಿ ಮುಗಿದ ಒಂದು ವರ್ಷದೊಳಗೆ ಕೌನ್ಸಿಲ್ ನೋಟಿಸು ಕೊಡಬೇಕೆಂಬ ಮಿತಿಯನ್ನು 2023ರ ಅಕ್ಟೋಬರಿನಿಂದ ಹತ್ತು ವರ್ಷಕ್ಕೆ ಏರಿಸಿದ್ದಾರೆ, ಹಾಗಾಗಿ ಈ ಪಾಲಿಸಿಗಳ ಅಗತ್ಯವೂ ಹೆಚ್ಚಿದೆ.

ಇಂಗ್ಲೆಂಡಿನಲ್ಲಿ ನೆಲೆಸಿ ಮನೆ ಕೊಳ್ಳಲು ಹೊರಟ ಕನ್ನಡಿಗರು ಸಾಲಿಸಿಟರ್ ಕೊಡುವ ಪಟ್ಟಿಯಲ್ಲಿ ಚಾನ್ಸೆಲ್ ತಪಾಸಣೆ ಎಂಬ ಸಣ್ಣ ಬಾಬ್ತನ್ನು ಕಂಡರೆ ಹಣ ಕೀಳುವ ಉಪಾಯವೆಂದು ಹೊಡೆದುಹಾಕಬೇಡಿ. ಪಾಲಿಸಿ ಕೈಗೆ ಬರುವ ಮೊದಲು ಊರಿನ ಪಾದ್ರಿಗಳನ್ನು ವಿಚಾರಿಸಲೂ ಹೋಗಬೇಡಿ.