ಹಳದಿ ಅಂಗಿಯ ಹುಡುಗ, ಹವಾನಾದ ಹಡಗು

'ಪೀತ ಪತ್ರಿಕೆ' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಇಲ್ಲದ್ದನ್ನು ಇದೆಯೆಂದು ಬರೆಯುವ, ಕಡ್ಡಿಯನ್ನು ಗುಡ್ಡ ಮಾಡುವ ಪತ್ರಿಕೆಗೆ ನಮ್ಮಲ್ಲಿ ಈ ಹೆಸರು. ಪೀತವೆಂದರೆ ಹಳದಿ. ಸುದ್ದಿಗೂ ಹಳದಿಗೂ ಏನು ನಂಟು? ಕಾಮಾಲೆ ಕಣ್ಣಿನ ಗಾದೆ ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಈ ಹಳದಿ ಬಂದದ್ದು ನ್ಯೂಯಾರ್ಕಿನಿಂದ, ಒಬ್ಬ ಬೋಳುತಲೆಯ ಹುಡುಗನ ಅಂಗಿಯಿಂದ.

ಆ ಹುಡುಗ ನಿಜವಾದ ಹುಡುಗನಲ್ಲ, ವ್ಯಂಗ್ಯಚಿತ್ರದ ಪಾತ್ರ. ರಿಚರ್ಡ್ ಔಟ್‌ಕಾಲ್ಟ್ ಎಂಬ ಕಲಾವಿದ 1895ರಿಂದ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಗಾಗಿ ಅವನನ್ನು ಬರೆಯುತ್ತಿದ್ದ. ಬಡಕೇರಿಯ ಪೋರ, ಅಗಲ ಕಿವಿ, ಪಾದ ಮುಟ್ಟುವ ಹಳದಿ ನಿಲುವಂಗಿ. ಅವನಾಡುವ ಮಾತುಗಳು ಆ ಅಂಗಿಯ ಮೇಲೆಯೇ ಅಚ್ಚಾಗಿರುತ್ತಿದ್ದವು. 'ವರ್ಲ್ಡ್' ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್. ಹಂಗೆರಿಯಲ್ಲಿ ಹುಟ್ಟಿ, ಹದಿಹರೆಯದಲ್ಲಿ ಬರಿಗೈಯಲ್ಲಿ ಅಮೆರಿಕಕ್ಕೆ ಬಂದವನು. 1883ರಲ್ಲಿ ನಷ್ಟದಲ್ಲಿದ್ದ 'ವರ್ಲ್ಡ್' ಪತ್ರಿಕೆಯನ್ನು ಕೊಂಡು ದೇಶದ ದೊಡ್ಡ ಪತ್ರಿಕೆಗಳಲ್ಲೊಂದನ್ನಾಗಿ ಬೆಳೆಸಿದ್ದ. ಅವನ ಎದುರಿಗೆ 1895ರಲ್ಲಿ ಬಂದು ನಿಂತವನು ವಿಲಿಯಂ ರಾಂಡಾಲ್ಫ್ ಹರ್ಸ್ಟ್, ಗಣಿ ಧಣಿಯ ಮಗ. 'ನ್ಯೂಯಾರ್ಕ್ ಜರ್ನಲ್' ಪತ್ರಿಕೆಯನ್ನು ಕೊಂಡು, ಒಂದೇ ಸೆಂಟಿಗೆ ಮಾರತೊಡಗಿದ. ಪುಲಿಟ್ಜರನ ಭಾನುವಾರದ ಪುರವಣಿಯ ಸಿಬ್ಬಂದಿಯನ್ನು ಹೆಚ್ಚಿನ ಸಂಬಳ ಕೊಟ್ಟು ಎಳೆದುಕೊಂಡ. 1896ರಲ್ಲಿ ಔಟ್‌ಕಾಲ್ಟನೂ ಹರ್ಸ್ಟನ ಕಡೆಗೆ ಹೋದ. ಪುಲಿಟ್ಜರ್ ಸುಮ್ಮನಿರಲಿಲ್ಲ, ಮತ್ತೊಬ್ಬ ಕಲಾವಿದನಿಂದ ಅದೇ ಹುಡುಗನನ್ನು ಬರೆಸಿದ. ಒಂದೇ ನಗರದಲ್ಲಿ ಇಬ್ಬರು ಹಳದಿ ಹುಡುಗರು! 1897ರ ಹೊತ್ತಿಗೆ ಇನ್ನೊಂದು ಪತ್ರಿಕೆಯ ಸಂಪಾದಕ ಎರ್ವಿನ್ ವಾರ್ಡ್‌ಮನ್ ಈ ಇಬ್ಬರ ವೃತ್ತಿಗೂ 'ಹಳದಿ ಪತ್ರಿಕೋದ್ಯಮ' ಎಂದು ಹೆಸರಿಟ್ಟ. ಆ ಹುಡುಗನ ಅಂಗಿಯೇ ಈ ಹೆಸರಿಗೆ ಮೂಲವೆಂಬುದು ಸಾಮಾನ್ಯವಾಗಿ ಹೇಳುವ ವಿವರಣೆ. ಕನ್ನಡದ 'ಪೀತ' ಅದರದೇ ಅನುವಾದ.

ಇಷ್ಟನ್ನು ಓದಿ ಈ ಪತ್ರಿಕೆಗಳಲ್ಲಿ ಇದ್ದದ್ದೆಲ್ಲ ಸುಳ್ಳೆಂದು ತಿಳಿಯಬೇಡಿ. 1887ರಲ್ಲಿ ನೆಲ್ಲಿ ಬ್ಲೈ ಎಂಬ ಯುವತಿ ಹುಚ್ಚಿಯಂತೆ ನಟಿಸಿ, ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆಯೊಳಗೆ ಹತ್ತು ದಿನವಿದ್ದು, ಅಲ್ಲಿನ ಕ್ರೌರ್ಯವನ್ನು ಬರೆದದ್ದು 'ವರ್ಲ್ಡ್' ಪತ್ರಿಕೆಗೇ. ನಿಜವನ್ನೂ ಉತ್ಪ್ರೇಕ್ಷೆಯನ್ನೂ ಒಂದೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದರೆ ಓದುಗ ಯಾವುದನ್ನು ನಂಬಬೇಕು? ಈ ಪ್ರಶ್ನೆ ತೀವ್ರವಾಗಿ ಎದ್ದದ್ದು ಕ್ಯೂಬಾದ ವಿಷಯದಲ್ಲಿ.

ಕ್ಯೂಬಾ ಆಗ ಸ್ಪೇನಿನ ವಸಾಹತು. 1895ರಲ್ಲಿ ಅಲ್ಲಿ ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದಿತು. ದಂಗೆಕೋರರಿಗೆ ಹಳ್ಳಿಗರ ನೆರವು ಸಿಗದಂತೆ ಮಾಡಲು ಸ್ಪೇನಿನ ಜನರಲ್ ವೇಲರ್ 1896ರಲ್ಲಿ ಹಳ್ಳಿಗಳನ್ನು ಬರಿದು ಮಾಡಿಸಿ, ಜನರನ್ನು ಕಾವಲಿರುವ ಪಟ್ಟಣಗಳಿಗೆ ತಂದು ತುಂಬಿಸಿದ. ಅನ್ನವಿಲ್ಲ, ಔಷಧವಿಲ್ಲ. ಹಸಿವಿನಿಂದ, ರೋಗದಿಂದ ಸತ್ತವರು ಲಕ್ಷಕ್ಕೂ ಮೇಲು. ಇದು ನಿಜವಾಗಿ ನಡೆದದ್ದು. ಯಾವ ಬಣ್ಣವೂ ಬೇಕಿಲ್ಲದಷ್ಟು ಘೋರವಾದದ್ದು.

ಆದರೂ ಬಣ್ಣ ಹಚ್ಚಿದರು. 1897ರ ಫೆಬ್ರವರಿಯಲ್ಲಿ ನಡೆದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 'ಆಲಿವೆಟ್' ಎಂಬ ಅಮೆರಿಕನ್ ಹಡಗಿನಲ್ಲಿ ಕ್ಯೂಬಾದಿಂದ ಹೊರಟಿದ್ದ ಮಹಿಳೆಯರನ್ನು ಸ್ಪೇನಿನವರು ಬಟ್ಟೆ ಬಿಚ್ಚಿಸಿ ಶೋಧಿಸಿದರೆಂದು ವರದಿಗಾರ ರಿಚರ್ಡ್ ಹಾರ್ಡಿಂಗ್ ಡೇವಿಸ್ 'ಜರ್ನಲ್' ಪತ್ರಿಕೆಗೆ ಬರೆದ. ಶೋಧಿಸಿದವರು ಗಂಡಸರೋ ಹೆಂಗಸರೋ ಎಂಬುದು ಅವನ ಬರಹದಲ್ಲಿ ಸ್ಪಷ್ಟವಿರಲಿಲ್ಲ. ಅಷ್ಟರಲ್ಲಾಗಲೇ ಅಮೆರಿಕಕ್ಕೆ ಮರಳಿದ್ದ ಪ್ರಸಿದ್ಧ ಕಲಾವಿದ ಫ್ರೆಡರಿಕ್ ರೆಮಿಂಗ್ಟನ್, ತಾನು ಕಾಣದ ಆ ದೃಶ್ಯಕ್ಕೆ ಚಿತ್ರ ಬರೆದುಕೊಟ್ಟ: ನಡುವೆ ಬೆತ್ತಲೆ ನಿಂತ ತರುಣಿ, ಸುತ್ತ ಟೋಪಿ ಧರಿಸಿದ ಗಂಡಸರು. ದೇಶವೆಲ್ಲ ಕುದಿಯಿತು. ಆಮೇಲೆ ಆ ಹಡಗಿನ ಮಹಿಳೆ ಅಮೆರಿಕ ತಲುಪಿದಳು. 'ವರ್ಲ್ಡ್' ವರದಿಗಾರ ಹೋಗಿ ಕೇಳಿದ. ಶೋಧಿಸಿದವರು ಹೆಂಗಸರೇ, ಅದೂ ಮುಚ್ಚಿದ ಕೋಣೆಯಲ್ಲಿ, ಎಂದು ಆಕೆ ಹೇಳಿದಳು. ಪುಲಿಟ್ಜರನ ಪತ್ರಿಕೆ ಅದನ್ನು ಸಂಭ್ರಮದಿಂದ ಅಚ್ಚು ಹಾಕಿತು. ಡೇವಿಸ್ ನೊಂದುಕೊಂಡು ಹರ್ಸ್ಟನಿಗೆ ಬರೆಯುವುದನ್ನೇ ಬಿಟ್ಟ. ಯೋಚಿಸಿ ನೋಡಿ: ಪಟ್ಟಣಗಳಲ್ಲಿ ಸಾವಿರಾರು ಮಕ್ಕಳು ಹಸಿದು ಸಾಯುತ್ತಿದ್ದಾಗ ಎರಡು ಪತ್ರಿಕೆಗಳ ಜಗಳ ಒಂದು ಸುಳ್ಳು ಚಿತ್ರದ ಸುತ್ತ!

ಅದೇ ವರ್ಷ ನ್ಯೂಜೆರ್ಸಿಯ ನ್ಯೂವರ್ಕ್ ನಗರದ ಸಾರ್ವಜನಿಕ ಗ್ರಂಥಾಲಯ ಈ ಪತ್ರಿಕೆಗಳನ್ನು ತನ್ನ ವಾಚನಾಲಯದಿಂದ ಹೊರಗಿಟ್ಟಿತು. ಬೇರೆ ಗ್ರಂಥಾಲಯಗಳೂ ಕ್ಲಬ್ಬುಗಳೂ ಹಿಂಬಾಲಿಸಿದವು. ಬೀದಿಯಲ್ಲಿ ಮಾತ್ರ ಮಾರಾಟ ತಗ್ಗಲಿಲ್ಲ. ಕೊಳ್ಳುವುದೇ ಬೇರೆ, ನಂಬುವುದೇ ಬೇರೆ.

1898ರ ಫೆಬ್ರವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಲಂಗರು ಹಾಕಿದ್ದ ಅಮೆರಿಕದ ಯುದ್ಧನೌಕೆ 'ಮೇನ್' ಸಿಡಿದು ಮುಳುಗಿತು. ಸುಮಾರು 260 ನಾವಿಕರು ಸತ್ತರು. ಬದುಕುಳಿದ ಕ್ಯಾಪ್ಟನ್ ಸಿಗ್ಸ್‌ಬಿ ಆ ರಾತ್ರಿಯೇ ತಂತಿ ಕಳಿಸಿದ. ಮುಂದಿನ ವರದಿ ಬರುವವರೆಗೆ ಜನರು ಯಾವ ತೀರ್ಮಾನಕ್ಕೂ ಬಾರದಿರಲಿ ಎಂಬ ಮಾತು ಅದರಲ್ಲಿತ್ತು. ತನ್ನ ಹಡಗನ್ನೂ ತನ್ನ ಜನರನ್ನೂ ಕಳೆದುಕೊಂಡವನು ಅಷ್ಟು ಸಂಯಮ ತೋರಿದ್ದ. 'ಜರ್ನಲ್' ಎರಡು ದಿನವೂ ಕಾಯಲಿಲ್ಲ. 17ರ ಸಂಚಿಕೆಯಲ್ಲಿ ಇದು ಶತ್ರುವಿನ ಕೆಲಸವೆಂದೇ ತಲೆಬರಹ; ಹಡಗಿನ ಕೆಳಗೆ ನೀರಿನೊಳಗಿನ ಸ್ಫೋಟಕ, ಅದರಿಂದ ದಡಕ್ಕೆ ತಂತಿ ಎಳೆದ ಚಿತ್ರ; ಅಪರಾಧಿಯನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ. 'ವರ್ಲ್ಡ್' ಅದೇ ಮಾತನ್ನು ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಹೇಳಿತು! ತನ್ನ ಪ್ರಸಾರ ಹತ್ತು ಲಕ್ಷ ದಾಟಿತೆಂದು 'ಜರ್ನಲ್' ಹೇಳಿಕೊಂಡಿತು.

ಹಾಗಾದರೆ ಅಮೆರಿಕವನ್ನು ಯುದ್ಧಕ್ಕೆ ತಳ್ಳಿದ್ದು ಈ ಪತ್ರಿಕೆಗಳೇ? ಬಹುಕಾಲ ಹಾಗೆಂದೇ ಹೇಳುತ್ತಿದ್ದರು. ಇಂದಿನ ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ನನಗೂ ಅದು ಪತ್ರಿಕೆಗಳಿಗೆ ಅತಿಯಾದ ಗೌರವ ಕೊಟ್ಟಂತೆ ಕಾಣುತ್ತದೆ. ಮಾರ್ಚ್ 17ರಂದು ವರ್ಮಾಂಟ್ ರಾಜ್ಯದ ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ಸೆನೆಟ್ಟಿನಲ್ಲಿ ಎದ್ದು ನಿಂತ. ಕ್ಯೂಬಾಕ್ಕೆ ತಾನೇ ಹೋಗಿ ನೋಡಿ ಬಂದಿದ್ದ. ಸುದ್ದಿಗಳೆಲ್ಲ ಉತ್ಪ್ರೇಕ್ಷೆಯೆಂಬ ದೃಢ ನಂಬಿಕೆಯಿಂದಲೇ ತಾನು ಹೋದದ್ದಾಗಿ ಹೇಳಿದ. ಆಮೇಲೆ ಕಂಡದ್ದನ್ನು ಲೆಕ್ಕ ಒಪ್ಪಿಸುವವನಂತೆ, ದನಿ ಏರಿಸದೆ ಹೇಳುತ್ತ ಹೋದ: ಕೊಟ್ಟಿಗೆಗಳಂಥ ಗುಡಿಸಲು, ಹಸಿವು, ಸಾವು. ಯುದ್ಧ ಬೇಡವೆನ್ನುತ್ತಿದ್ದ ವ್ಯಾಪಾರಸ್ಥರಲ್ಲೂ ಹಲವರ ಮನಸ್ಸು ಅಂದು ತಿರುಗಿತು. ಎರಡು ವರ್ಷ ಕೂಗಿದ ಪತ್ರಿಕೆಗಳಿಂದ ಆಗದಿದ್ದ ಕೆಲಸ ಅದು. ಕೂಗಿದ್ದರಿಂದಲೇ ಪ್ರಾಕ್ಟರನಂಥವರು ನಿಜವನ್ನೂ ನಂಬದೆ ಕುಳಿತಿದ್ದರು ಎಂಬುದನ್ನು ಗಮನಿಸಿ. ನಡುವೆ ಹೋದ ಜೀವಗಳ ಲೆಕ್ಕ ಯಾರ ಖಾತೆಗೆ?

ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಡಿಸೆಂಬರ್ ಹೊತ್ತಿಗೆ ಒಪ್ಪಂದವೂ ಆಯಿತು. ನಡುವೆ ಒಂದು ತಮಾಷೆ. ತನ್ನ ಸುದ್ದಿಯನ್ನು 'ವರ್ಲ್ಡ್' ಕದಿಯುತ್ತಿದೆಯೆಂದು ಶಂಕಿಸಿದ 'ಜರ್ನಲ್', 'ರಿಫ್ಲೈಪ್ ಡಬ್ಲ್ಯೂ. ಥೆನಜ್' ಎಂಬ ಕರ್ನಲ್ ಸತ್ತನೆಂದು ಬರೆಯಿತು. 'ವರ್ಲ್ಡ್' ಕೂಡ ಅವನನ್ನು ಸಾಯಿಸಿತು. ಅಂಥ ಕರ್ನಲ್ ಇರಲೇ ಇಲ್ಲ! ಹೆಸರಿನ ಮೊದಲ ಭಾಗದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿ ಉಳಿದದ್ದನ್ನು ಸೇರಿಸಿದರೆ 'ನಾವು ಸುದ್ದಿ ಕದಿಯುತ್ತೇವೆ' ಎಂಬರ್ಥದ ವಾಕ್ಯವಾಗುತ್ತದೆ. ಕದ್ದವರು ಸಿಕ್ಕಿಬಿದ್ದರು, ನಿಜ. ಆದರೆ ಬೇಕೆಂದೇ ಸುಳ್ಳು ಸುದ್ದಿ ಅಚ್ಚು ಹಾಕಿದವರನ್ನು ಏನೆನ್ನೋಣ?

'ಮೇನ್' ಮುಳುಗಿದ್ದೇಕೆ? 1898ರಲ್ಲಿ ಅಮೆರಿಕದ ನೌಕಾಪಡೆ ತನಿಖೆ ನಡೆಸಿ, ಹೊರಗಿನ ಸ್ಫೋಟಕವೇ ಕಾರಣವೆಂದೂ ಇಟ್ಟವರಾರೆಂದು ಹೇಳಲಾಗದೆಂದೂ ವರದಿ ಕೊಟ್ಟಿತು. 1911ರಲ್ಲಿ ಅವಶೇಷದ ಸುತ್ತ ಅಡ್ಡಗಟ್ಟೆ ಕಟ್ಟಿ, ನೀರು ಹೊರಹಾಕಿ ಮತ್ತೆ ನೋಡಿದರು. ಆಗಲೂ ಹೊರಗಿನ ಸ್ಫೋಟವೆಂದರು. 1976ರಲ್ಲಿ ಪ್ರಕಟವಾದ ಅಡ್ಮಿರಲ್ ರಿಕೋವರನ ಅಧ್ಯಯನ, ಹಡಗಿನ ಕಲ್ಲಿದ್ದಲು ಕೋಣೆಯಲ್ಲಿ ತಾನಾಗಿ ಹತ್ತಿದ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗುಲಿರಬೇಕೆಂದಿತು. ತಜ್ಞರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಎರಡೇ ದಿನದಲ್ಲಿ 'ಜರ್ನಲ್' ಕೊಟ್ಟ ತೀರ್ಪಿಗೆ ನೂರಿಪ್ಪತ್ತೈದು ವರ್ಷಗಳ ಮೇಲೂ ಸಾಕ್ಷ್ಯ ಸಾಲದಾಗಿದೆ.

ಈ ಗದ್ದಲದ ನಡುವೆಯೇ 1896ರಲ್ಲಿ ಅಡಾಲ್ಫ್ ಓಕ್ಸ್ ಎಂಬಾತ ಮುಳುಗುತ್ತಿದ್ದ 'ನ್ಯೂಯಾರ್ಕ್ ಟೈಮ್ಸ್' ಕೊಂಡಿದ್ದ. ಹರ್ಸ್ಟನ ಹಾಗೆ ಯುದ್ಧಕ್ಕೆ ವರದಿಗಾರರ ದಂಡು ಕಳಿಸಲು ಅವನಲ್ಲಿ ಹಣವಿರಲಿಲ್ಲ. ನೆಮ್ಮದಿಯಾಗಿ ಓದಬಹುದಾದ, ನಂಬಬಹುದಾದ ಪತ್ರಿಕೆ ಎಂಬುದನ್ನೇ ಬಂಡವಾಳ ಮಾಡಿಕೊಂಡ. 1898ರ ಅಕ್ಟೋಬರಿನಲ್ಲಿ ಬೆಲೆಯನ್ನು ಮೂರು ಸೆಂಟಿನಿಂದ ಒಂದಕ್ಕೆ ಇಳಿಸಿದ. ವರ್ಷದೊಳಗೆ ಪ್ರಸಾರ ಸುಮಾರು ಮೂರು ಪಟ್ಟಾಯಿತು. ಅಗ್ಗದ ಪತ್ರಿಕೆ ಕೊಳ್ಳುವವನಿಗೆ ರೋಚಕ ಸುದ್ದಿಯೇ ಬೇಕೆಂಬ ಲೆಕ್ಕಾಚಾರ ಅಲ್ಲಿ ತಪ್ಪಿತು.

ಇನ್ನೊಂದು ಮಾತು ಉಳಿದಿದೆ. ಕ್ಯೂಬಾದಲ್ಲಿ ಯುದ್ಧವೇ ಆಗುವಂತಿಲ್ಲ, ಮರಳಿ ಬರುತ್ತೇನೆ ಎಂದು ರೆಮಿಂಗ್ಟನ್ ತಂತಿ ಕಳಿಸಿದನಂತೆ. ನೀನು ಚಿತ್ರ ಒದಗಿಸು, ಯುದ್ಧವನ್ನು ನಾನು ಒದಗಿಸುತ್ತೇನೆ ಎಂದು ಹರ್ಸ್ಟ್ ಮರುತಂತಿ ಕೊಟ್ಟನಂತೆ. ಬಹಳ ಪ್ರಸಿದ್ಧವಾದ ಕಥೆ. ಇದನ್ನು ಮೊದಲು ಬರೆದದ್ದು 1901ರಲ್ಲಿ, ಹರ್ಸ್ಟನ ಬಳಿಯೇ ಕೆಲಸ ಮಾಡಿದ್ದ ಜೇಮ್ಸ್ ಕ್ರೀಲ್ಮನ್. ತಂತಿ ಹೋಯಿತೆನ್ನುವ ಕಾಲದಲ್ಲಿ ಅವನಿದ್ದದ್ದು ಯೂರೋಪಿನಲ್ಲಿ. ಹರ್ಸ್ಟ್ ಅಲ್ಲಗಳೆದಿದ್ದ. ಕ್ಯೂಬಾದಲ್ಲಿ ಎರಡು ವರ್ಷದಿಂದ ಕಾದಾಟ ನಡೆದೇ ಇತ್ತು. ಆ ತಂತಿಯ ಪ್ರತಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಆದರೂ ಪೀತ ಪತ್ರಿಕೋದ್ಯಮದ ವಿರುದ್ಧ ಪಾಠ ಹೇಳುವ ಪುಸ್ತಕಗಳಲ್ಲೇ ಅದು ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ. ನಿಮ್ಮ ಕಾಲೇಜಿನ ಗ್ರಂಥಾಲಯದ ಪುಸ್ತಕದಲ್ಲೂ ಇದ್ದೀತು, ತೆಗೆದು ನೋಡಿ.