ದಾರಿಯ ಹಲಗೆಯೂ ಪುಸ್ತಕದ ಹಲಗೆಯೂ



ಮಂಗಳೂರಿನಿಂದ ನೇತ್ರಾವತಿಯ ಸೇತುವೆಯನ್ನು ದಾಟಿ ತೆಂಕಣಕ್ಕೆ ಬಂದರೆ ತೊಕ್ಕೊಟ್ಟು ಎಂಬ ಕೂಡುದಾರಿ ಸಿಕ್ಕುವುದು. ಹೆದ್ದಾರಿಯು ಕಾಸರಗೋಡಿನ ಕಡೆಗೆ ಸಾಗುವುದು. ಪಡುವಲಿಗೆ ತಿರುಗಿದರೆ ಉಳ್ಳಾಲ. ಮೂಡಲಿಗೆ ತಿರುಗಿದರೆ ದೇರಳಕಟ್ಟೆ, ಅದರಾಚೆ ಕೊಣಾಜೆಯ ವಿಶ್ವವಿದ್ಯಾನಿಲಯ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಕನ್ನಡಗಳೆಲ್ಲವೂ ಕಿವಿಗೆ ಬೀಳುವ ಈ ಸ್ಥಳದಲ್ಲಿ ಹೊಸಬನಾದವನು ಮೊದಲು ಹುಡುಕುವುದು ದಾರಿಯ ಹಲಗೆಯನ್ನು. ಅದು ಕಾಣದಿದ್ದರೆ ಯಾರನ್ನಾದರೂ ಕೇಳುವನು. ಕೇಳಲು ಸಂಕೋಚಪಟ್ಟರೆ ತಪ್ಪು ಬಸ್ಸನ್ನು ಹತ್ತುವನು. ಪುಸ್ತಕಭಂಡಾರಕ್ಕೆ ಮೊದಲ ಸಲ ಕಾಲಿಡುವವನ ಸ್ಥಿತಿಯೂ ಇಂಥದೇ. ಆದರೆ ಭೇದವೊಂದುಂಟು: ತಪ್ಪು ಬಸ್ಸನ್ನು ಹತ್ತಿದವನು ಮುಂದಿನ ನಿಲ್ದಾಣದಲ್ಲಿ ಇಳಿಯುವನು, ಪುಸ್ತಕ ಸಿಕ್ಕದೆ ಹಿಂದಿರುಗಿದವನು ಮತ್ತೆಂದೂ ಬಾರದೆ ಹೋಗಬಹುದು.

ಪೂರ್ವಕಾಲದ ಗ್ರಂಥಭಂಡಾರಗಳಿಗೆ ಇಂತಹ ಹಲಗೆಗಳು ಬೇಕಾಗಿರಲಿಲ್ಲ. ಅವುಗಳ ಮುಖ್ಯ ಧರ್ಮವು ರಕ್ಷಣೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಶತಮಾನಗಳನ್ನು ದಾಟಿ ನಮಗೆ ಉಳಿದುದು ಆ ಕಾವಲಿನಿಂದಲೇ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಯೂರೋಪಿನಲ್ಲಿಯೂ ಪುಸ್ತಕಗಳನ್ನು ಸರಪಣಿಯಿಂದ ಕಟ್ಟಿಡುತ್ತಿದ್ದರು. ಇಂಗ್ಲೆಂಡಿನ ಹಿಯರ್‌ಫರ್ಡ್ ದೇವಾಲಯದಲ್ಲಿ ಆ ಸರಪಣಿಗಳನ್ನು ಇಂದಿಗೂ ಕಾಣಬಹುದು. ಯಾವ ಗ್ರಂಥ ಎಲ್ಲಿದೆ ಎಂಬುದು ಭಂಡಾರಿಯ ನೆನಪಿನಲ್ಲಿದ್ದರೆ ಅಷ್ಟೇ ಸಾಕಾಗಿತ್ತು.

ಆದರೆ ಉಳಿದ ಮಾತ್ರಕ್ಕೆ ಗ್ರಂಥವು ದೊರೆತಂತಾಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ಪಂಡಿತರು ಬಲ್ಲರು; ಗ್ರಂಥವು ಮಾತ್ರ ಕಳೆದುಹೋಯಿತೆಂದೇ ಭಾವಿಸಿದ್ದರು. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ಓಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಪರಿಶೀಲಿಸಿ, ಅದು ಇಂಥದೆಂದು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದರು. ಗುರುತಿನ ಚೀಟಿಯಿಲ್ಲದ ಗ್ರಂಥವು ಕಪಾಟಿನಲ್ಲಿದ್ದರೂ ಕಳೆದುಹೋದಂತೆಯೇ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಓದುಗನನ್ನು ಕಪಾಟಿನವರೆಗೆ ಬಿಡುವ ಪದ್ಧತಿಯು ಬಂದಾಗಲೇ ಹಲಗೆಯ ಅವಶ್ಯಕತೆಯೂ ಬಂದಿತು. ಬ್ರಿಟನ್ನಿನಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬವರು 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಭಂಡಾರದಲ್ಲಿ ಈ ಪದ್ಧತಿಯನ್ನು ಜಾರಿಗೆ ತಂದರು. ಅದುವರೆಗೆ ಕಟಕಟೆಯ ಹೊರಗೆ ನಿಂತು ಬೇಡುತ್ತಿದ್ದವನು ಈಗ ತಾನೇ ಒಳಹೊಕ್ಕು ಆರಿಸತೊಡಗಿದನು. ಒಳಹೊಕ್ಕವನಿಗೆ ದಾರಿ ತೋರದಿದ್ದರೆ ಬಾಗಿಲು ತೆರೆದು ಫಲವೇನು?

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಆಲೋಚಿಸಿದವರು ಎಸ್. ಆರ್. ರಂಗನಾಥನ್ ಅವರು. 1917ರಲ್ಲಿ ಅವರು ಗಣಿತದ ಉಪಾಧ್ಯಾಯರಾಗಿ ಸೇರಿದುದು ಮಂಗಳೂರಿನ ಸರ್ಕಾರಿ ಕಾಲೇಜನ್ನು ಎಂಬುದು ನೇತ್ರಾವತಿಯ ತೀರದವರು ನೆನೆಯತಕ್ಕ ಸಂಗತಿ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, ಲಂಡನ್ನಿಗೆ ಹೋಗಿ ಅಲ್ಲಿನ ಭಂಡಾರಗಳನ್ನು ಕಂಡು ಬಂದು, 1931ರಲ್ಲಿ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ವ್ಯರ್ಥಗೊಳಿಸಬಾರದೆಂಬ ತತ್ತ್ವವನ್ನು ಹೇಳುವುದು. ಕಪಾಟುಗಳ ಎತ್ತರ, ನಡುವಣ ಹಾದಿ, ಬೆಳಕು, ಹಲಗೆ, ಇವೆಲ್ಲವನ್ನೂ ಈ ತತ್ತ್ವದ ಒರೆಗಲ್ಲಿನ ಮೇಲೆ ತಿಕ್ಕಿ ನೋಡಬಹುದು. 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿದ ಅವರು 1972ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಇದ್ದರು. ಈ ನಡುವೆ, 1965ರಲ್ಲಿ, ಈ ನಾಡಿಗೆ ಸಾರ್ವಜನಿಕ ಗ್ರಂಥಾಲಯಗಳ ಶಾಸನವೂ ಆಯಿತು.

ಶಾಸನದಿಂದ ಕಟ್ಟಡ ಬರುವುದು, ಪುಸ್ತಕ ಬರುವುದು, ಆದರವು ಬರಲಾರದು. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಹುಡುಗನೊಬ್ಬನನ್ನು ಒಂದು ಪುಸ್ತಕಕ್ಕಾಗಿ ಪಟ್ಟಣದ ಭಂಡಾರಕ್ಕೆ ಕಳುಹಿಸಿದೆವು. ಹಳ್ಳಿಯಿಂದ ಬಂದವನು, ಮನೆಯಲ್ಲಿ ಓದುಬರಹ ಕಲಿತವರಲ್ಲಿ ಅವನೇ ಮೊದಲಿಗನು. ಸಂಜೆ ಬರಿಗೈಯಲ್ಲಿ ಬಂದನು. “ಪುಸ್ತಕವಿರಲಿಲ್ಲವೆ?” ಎಂದೆವು. “ಗೊತ್ತಿಲ್ಲ ಸಾರ್, ಒಳಗೆ ಹೋಗಬಹುದೋ ಇಲ್ಲವೋ ತಿಳಿಯಲಿಲ್ಲ” ಎಂದನು. ಮರುದಿನ ನಾವೇ ಹೋಗಿ ನೋಡಿದೆವು. ಮಾತನಾಡಬೇಡಿ, ಚೀಲ ತರಬೇಡಿ, ಮುಟ್ಟಬೇಡಿ ಎಂಬ ಹಲಗೆಗಳು ಬಾಗಿಲಲ್ಲಿಯೇ ಇದ್ದವು. ಒಳಗೆ ಬನ್ನಿ ಎಂಬುದು ಎಲ್ಲಿಯೂ ಇರಲಿಲ್ಲ. ಕಪಾಟುಗಳ ಮೇಲೆ ಬರಿಯ ಅಂಕೆಗಳು. ಅವನು ಕೇಳಿದ ಪುಸ್ತಕವು ಬಾಗಿಲಿನಿಂದ ಇಪ್ಪತ್ತು ಹೆಜ್ಜೆಯ ದೂರದಲ್ಲಿತ್ತು. ಹುಡುಗನ ನಾಚಿಕೆಯನ್ನು ದೂರಲು ನಮಗೆ ಮನಸ್ಸು ಬರಲಿಲ್ಲ. ದಾರಿ ಹೇಳಿ ಕಳುಹಿಸದ ತಪ್ಪಿನಲ್ಲಿ ನಮಗೂ ಪಾಲಿತ್ತು.

ಅಂಕೆಯು ಗ್ರಂಥಪಾಲಕನಿಗೆ ಅವಶ್ಯಕ. ಓದುಗನಿಗೆ ಬೇಕಾದುದು ಮಾತು. “ಇತಿಹಾಸ”, “ವೈದ್ಯ”, “ಮಕ್ಕಳ ಪುಸ್ತಕಗಳು” ಎಂದು ದಪ್ಪಕ್ಷರದಲ್ಲಿ, ನಿಂತವನ ಕಣ್ಣಿನ ಮಟ್ಟದಲ್ಲಿ, ಹಾದಿ ತಿರುಗುವ ಕಡೆಯಲ್ಲಿ ಬರೆದಿಟ್ಟರೆ ಸಾಕು. ಹಲಗೆಗಳು ಮಿತವಾಗಿರಲಿ, ಹತ್ತು ಹಲಗೆಗಳ ನಡುವೆ ಹನ್ನೊಂದನೆಯದನ್ನು ಯಾರೂ ಓದರು. ಮಕ್ಕಳ ಕಪಾಟು ಮಕ್ಕಳ ಕೈಗೆ ಎಟುಕುವಂತಿರಲಿ. ಬಾಗಿಲಲ್ಲಿ ಮೊದಲು ಕಾಣುವ ಮಾತು ನಿಷೇಧವಾಗದೆ ಸ್ವಾಗತವಾಗಿರಲಿ. ಇದಕ್ಕೆ ತಗಲುವ ವೆಚ್ಚ ಒಂದು ಕಪಾಟಿನ ಬೆಲೆಯೂ ಆಗದು.

ತೊಕ್ಕೊಟ್ಟಿನಲ್ಲಿ ಬಸ್ಸಿನ ಕಂಡಕ್ಟರನು ಬಾಗಿಲಲ್ಲಿ ನಿಂತು “ದೇರಳಕಟ್ಟೆ, ಕೊಣಾಜೆ” ಎಂದು ಕೂಗುವನು. ಓದು ಬಾರದವನಿಗೂ, ನಾಚುವವನಿಗೂ ಆ ಕೂಗು ಸಾಕು, ಹತ್ತಬಹುದೆಂದು ತಿಳಿಯುವನು. ನಮ್ಮ ಪುಸ್ತಕಭಂಡಾರಗಳಲ್ಲಿ ಕೂಗುವಂತಿಲ್ಲ. ಆದುದರಿಂದಲೇ ಅಲ್ಲಿ ಆ ಕೆಲಸವನ್ನು ಹಲಗೆಯು ಮಾಡಬೇಕು.