ಹೊಟ್ಟೆಯ ಕ್ಯಾನ್ಸರ್ ಮನೆತನದ ಶಾಪವೇ? ಬ್ಯಾಕ್ಟೀರಿಯಾ, ವಂಶವಾಹಿ ಮತ್ತು ಬೈಲಕುಪ್ಪೆಯಲ್ಲಿ ಕೇಳಿದ ಒಂದು ಪ್ರಶ್ನೆ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆ ಹೋಗುವವರು ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠಕ್ಕೆ ಹೋಗದೆ ಬರುವುದು ಕಡಿಮೆ. ನಮ್ಮವರ ಬಾಯಲ್ಲಿ ಅದು ‘ಗೋಲ್ಡನ್ ಟೆಂಪಲ್’. ಒಳಗೆ ಮೂರು ಬಂಗಾರ ಬಣ್ಣದ ಮೂರ್ತಿಗಳಿವೆ: ನಡುವೆ ಶಾಕ್ಯಮುನಿ ಬುದ್ಧ, ಇಕ್ಕೆಲಗಳಲ್ಲಿ ಗುರು ಪದ್ಮಸಂಭವ ಮತ್ತು ಅಮಿತಾಯುಸ್. ಅಮಿತಾಯುಸ್ ಎಂದರೆ ಅಳತೆಯಿಲ್ಲದ ಆಯುಷ್ಯ ಉಳ್ಳವನು. ಕೈಯಲ್ಲಿರುವುದು ಆಯುಷ್ಯದ ಕಲಶ. ಜಪಮಾಲೆ ಎಣಿಸುತ್ತ, ಪ್ರಾರ್ಥನಾ ಚಕ್ರ ತಿರುಗಿಸುತ್ತ ಪ್ರದಕ್ಷಿಣೆ ಹಾಕುವ ಟಿಬೆಟಿಯನ್ ಹಿರಿಯರಿಗೆ ಇದು ಯಾತ್ರಾಸ್ಥಳ, ಉಳಿದವರಿಗೆ ಹೆಚ್ಚಾಗಿ ಫೋಟೊ ತೆಗೆಸಿಕೊಳ್ಳುವ ಜಾಗ.

ನಮ್ಮ ಜೊತೆ ಬಂದಿದ್ದ ಪಿರಿಯಾಪಟ್ಟಣ ಕಡೆಯ ಗೆಳೆಯರೊಬ್ಬರು ಫೋಟೊ ತೆಗೆಯಲಿಲ್ಲ. ಆ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರದು ಹೊಗೆಸೊಪ್ಪು ಬೆಳೆಯುವ ಮನೆ. ತಂದೆ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಸೋದರತ್ತೆ ಅದೇ ಕಾಯಿಲೆಯಿಂದ ಹೋಗಿದ್ದರು. ತಾತನೂ ‘ಹೊಟ್ಟೆನೋವಲ್ಲೇ’ ಹೋದರಂತೆ. ಈಗ ತಂಗಿಗೆ ಗಂಡು ನೋಡುತ್ತಿದ್ದಾರೆ. ಈ ವಿಷಯ ಹೊರಗೆ ಬಾಯಿಬಿಡಬೇಡ ಎಂದು ತಾಯಿ ಹೇಳಿದ್ದಾರೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಅವರು ಕೇಳಿದ್ದು ಇಷ್ಟೆ: “ಇದು ನಮ್ ರಕ್ತದಲ್ಲೇ ಬಂದಿದ್ದಾ? ಇಲ್ಲ, ಅಪ್ಪನ ತಟ್ಟೇಲಿ ಉಂಡಿದ್ದಕ್ಕೆ ನಮಗೂ ಅಂಟುತ್ತಾ?”

ಎರಡು ಪ್ರಶ್ನೆಗಳನ್ನೂ ನಾವು ಹಲವು ಬಾರಿ ಕೇಳಿದ್ದೇವೆ, ಆದರೆ ಒಟ್ಟಿಗೆ ಕೇಳಿದವರು ಕಡಿಮೆ. ಜಠರದ ಕ್ಯಾನ್ಸರ್ ವಿಷಯದಲ್ಲಿ ಅವನ್ನು ಒಟ್ಟಿಗೇ ಕೇಳಬೇಕು.

ಅಂಟುವುದು ಕ್ಯಾನ್ಸರ್ ಅಲ್ಲ, ಬ್ಯಾಕ್ಟೀರಿಯಾ

ಮೊದಲು ತಟ್ಟೆಯ ಮಾತು. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ರೋಗಿಯ ಜೊತೆ ಕೂತು ಉಂಡರೆ, ಅವರ ಬಟ್ಟೆ ಒಗೆದರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಕೊನೆಗಾಲದಲ್ಲಿ ಎಷ್ಟೋ ಮನೆಗಳಲ್ಲಿ ತಟ್ಟೆ ಲೋಟ ಬೇರೆ ಮಾಡಿಟ್ಟು ರೋಗಿಗೆ ಕೊಡುವ ನೋವಿಗೆ ಯಾವ ಆಧಾರವೂ ಇಲ್ಲ.

ಆದರೆ ಜಠರದ ಕ್ಯಾನ್ಸರ್‌ಗೆ ದಾರಿ ಮಾಡಿಕೊಡುವ ಒಂದು ಬ್ಯಾಕ್ಟೀರಿಯಾ ಇದೆ, ಅದು ಅಂಟುತ್ತದೆ. ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ. ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂದೇ ವೈದ್ಯರು ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಗುರುತಿಸಿದರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ಹೊಟ್ಟೆಯುರಿತಕ್ಕೆ ತುತ್ತಾದರು. (ದಯವಿಟ್ಟು ಯಾರೂ ಅನುಕರಿಸಬೇಡಿ.) 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮುಂಚೆಯೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಬ್ಯಾಕ್ಟೀರಿಯಾವನ್ನು ಖಚಿತವಾಗಿ ಕ್ಯಾನ್ಸರ್ ತರುವವುಗಳ ಪಟ್ಟಿಗೆ, ಅಂದರೆ ತಂಬಾಕಿರುವ ಅದೇ ಪಟ್ಟಿಗೆ ಸೇರಿಸಿತ್ತು.

ಇದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ, ಮನೆಯೊಳಗೇ, ತಾಯಿಯಿಂದ ಅಥವಾ ಒಡಹುಟ್ಟಿದವರಿಂದ ಬರುತ್ತದೆ. ಆದ್ದರಿಂದ ನಮ್ಮ ಗೆಳೆಯರು ಅಪ್ಪನ ಕೊನೆಯ ವರ್ಷದಲ್ಲಿ ಒಂದೇ ತಟ್ಟೆಯಲ್ಲಿ ಉಂಡದ್ದಕ್ಕೆ ಹೆದರಬೇಕಿಲ್ಲ. ಅವರ ಹೊಟ್ಟೆಯಲ್ಲಿ ಅದು ಇದ್ದರೆ ಬಹುಶಃ ಅಂಗನವಾಡಿಗೆ ಹೋಗುವ ವಯಸ್ಸಿನಿಂದಲೇ ಇದೆ. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಅರ್ಧಕ್ಕೂ ಹೆಚ್ಚು ಜನ ಇದನ್ನು ಹೊತ್ತು ತಿರುಗುತ್ತಿದ್ದಾರೆ. ಅವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಬರುವುದೇ ಇಲ್ಲ.

ಹೊಟ್ಟೆಯೊಳಗಿನ ವಂಶಾವಳಿ

ಮನೆಯೊಳಗೇ ದಾಟುವ ಗುಣದಿಂದಾಗಿ ಈ ಬ್ಯಾಕ್ಟೀರಿಯಾ ವಿಜ್ಞಾನಿಗಳಿಗೆ ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬಂದಿದೆ. ಸುಮಾರು 58,000 ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಟ ಮನುಷ್ಯರ ಹೊಟ್ಟೆಯಲ್ಲಿ ಅದೂ ಹೊರಟಿತ್ತು ಎಂದು ಅದರ ಡಿಎನ್‌ಎ ಹೋಲಿಕೆಗಳು ಹೇಳುತ್ತವೆ. ಜನ ಬೇರೆಯಾದಂತೆ ಅವರ ಹೊಟ್ಟೆಯ ತಳಿಗಳೂ ಬೇರೆಯಾದವು.

2004ರಲ್ಲಿ ಪ್ರಕಟವಾದ ಲಡಾಖ್‌ನ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಬೌದ್ಧರು ಮತ್ತು ಮುಸ್ಲಿಮರು ತಲೆತಲಾಂತರದಿಂದ ನೆರೆಹೊರೆಯವರು. ಮನುಷ್ಯರ ಡಿಎನ್‌ಎ ಗುರುತುಗಳನ್ನು ನೋಡಿದರೆ ಎರಡು ಸಮುದಾಯಗಳ ವ್ಯತ್ಯಾಸ ಕಂಡೂ ಕಾಣದಂತಿತ್ತು. ಹೊಟ್ಟೆಯ ಬ್ಯಾಕ್ಟೀರಿಯಾದ ಡಿಎನ್‌ಎ ನೋಡಿದರೆ ಸ್ಪಷ್ಟವಾಗಿ ಕಂಡಿತು. ಹಳೆಯ ಲಡಾಖಿ ಜನರ ನಡುವೆ ಟಿಬೆಟಿಯನ್ ಮಾತಾಡುವವರು ಬಂದು ಬೆರೆತ ಗುರುತು ಬೌದ್ಧರ ತಳಿಗಳಲ್ಲಿತ್ತು. ಮುಸ್ಲಿಮರಲ್ಲಿ ಹಳೆಯ ಲಡಾಖಿ ಅಂಶ ಹೆಚ್ಚಾಗಿಯೂ, ಕೆಲವು ತಳಿಗಳಲ್ಲಿ ಪಶ್ಚಿಮದಿಂದ ಬಂದ ಗುರುತೂ ಇತ್ತು. ವಲಸೆಯ ಇತಿಹಾಸ ಹೊಟ್ಟೆಯಲ್ಲಿ ಬರೆದಿಟ್ಟಂತಿತ್ತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ‘ಅವರ ಬ್ಯಾಕ್ಟೀರಿಯಾ’, ‘ನಮ್ಮ ಬ್ಯಾಕ್ಟೀರಿಯಾ’ ಎಂದು ಜಗಳ ತೆಗೆಯುವುದು ಸುಲಭ. ಬೈಲಕುಪ್ಪೆಯ ಹೋಟೆಲಿನಲ್ಲಿ ಮೊಮೊ ತಿಂದರೆ ಹೊಟ್ಟೆಗೆ ಏನೋ ಹತ್ತುತ್ತದೆ ಎಂಬ ಗಾಳಿಮಾತನ್ನು ನಾವೇ ಕೇಳಿದ್ದೇವೆ. 1960ರ ದಶಕದ ಆರಂಭದಲ್ಲಿ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು ಮೂರು ಸಾವಿರ ಎಕರೆಯಲ್ಲಿ ಕಾಡು ಕಡಿದು, ಜೋಳ ಬಿತ್ತಿ ನೆಲೆ ನಿಂತವರು ಇಲ್ಲಿನ ಟಿಬೆಟಿಯನ್ನರು. ಆಮೇಲೆ ಹುಣಸೂರಿನ ಗುರುಪುರದಲ್ಲೂ ಇನ್ನೊಂದು ವಸತಿಯಾಯಿತು. ಅವರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಈ ಬ್ಯಾಕ್ಟೀರಿಯಾ ಭಾರತದವರ ಹೊಟ್ಟೆಯಲ್ಲಿತ್ತು. ಅದಕ್ಕೆ ಜಾತಿ, ಧರ್ಮ, ಪಾಸ್‌ಪೋರ್ಟ್ ಯಾವುದೂ ಇಲ್ಲ.

ಹಾಗಾದರೆ ರಕ್ತದಲ್ಲಿ ಬರುವುದು ಏನು?

ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಜಠರದ ಕ್ಯಾನ್ಸರ್ ಬಂದರೆ ಕಾರಣ ಒಂದೇ ಆಗಬೇಕಿಲ್ಲ. ಒಂದೇ ಬ್ಯಾಕ್ಟೀರಿಯಾ, ಒಂದೇ ಉಪ್ಪಿನಕಾಯಿ, ಒಂದೇ ಬೀಡಿ ಕಟ್ಟು, ಇವೂ ಮನೆಯವರೆಲ್ಲ ಹಂಚಿಕೊಳ್ಳುವಂಥವೇ. ಉಪ್ಪು ಹೆಚ್ಚಿರುವ ಆಹಾರ ಮತ್ತು ಧೂಮಪಾನ ಎರಡೂ ಅಪಾಯವನ್ನು ಏರಿಸುತ್ತವೆ. ಜಠರದ ಕ್ಯಾನ್ಸರ್ ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮನೆಯಲ್ಲಿ ಬೇರೆಯವರಿಗೂ ಬಂದ ಇತಿಹಾಸ ಇರುತ್ತದೆ. ಆದರೆ ಒಂದೇ ವಂಶವಾಹಿಯ ದೋಷದಿಂದ ನೇರವಾಗಿ ಬರುವ ಪ್ರಕರಣಗಳು ನೂರಕ್ಕೆ ಒಂದರಿಂದ ಮೂರು ಅಷ್ಟೆ.

ಆ ದೋಷಗಳನ್ನು ಪತ್ತೆ ಹಚ್ಚಲು ದಾರಿ ತೋರಿಸಿದ್ದೂ ಒಂದು ಬ್ಯಾಕ್ಟೀರಿಯಾವೇ, ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ. ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ಅಕ್ಷರದೋಷ ಸಹಜ. ಅದನ್ನು ತಿದ್ದಲು ಕರಡು ನೋಡುವವರಂಥ ಪ್ರೋಟೀನುಗಳಿವೆ. ಇ. ಕೋಲಿಯಲ್ಲಿ ಈ ಕೆಲಸ ಕೆಟ್ಟಾಗ ತಪ್ಪುಗಳು ನೂರರಿಂದ ಸಾವಿರ ಪಟ್ಟು ಹೆಚ್ಚುತ್ತವೆ. ಹೀಗೆ ಕೆಟ್ಟ ತಳಿಗಳಿಂದಲೇ ಮ್ಯೂಟ್‌ಎಸ್, ಮ್ಯೂಟ್‌ಎಲ್ ಎಂಬ ತಿದ್ದುವ ವಂಶವಾಹಿಗಳು ತಿಳಿದವು. ಪಾಲ್ ಮಾಡ್ರಿಚ್ ಈ ತಿದ್ದುವಿಕೆಯ ಹಂತಹಂತವನ್ನೂ ಪ್ರಯೋಗಾಲಯದಲ್ಲಿ ಬಿಡಿಸಿ ತೋರಿಸಿ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಮನುಷ್ಯರಲ್ಲೂ ಮ್ಯೂಟ್‌ಎಸ್‌ನ ದಾಯಾದಿ ಇದೆ ಎಂದು 1993ರಲ್ಲಿ ಗೊತ್ತಾಯಿತು: ಎಂಎಸ್‌ಎಚ್2. ಅದರ ದೋಷ ಇರುವ ಮನೆತನಗಳಲ್ಲಿ ಕರುಳು, ಗರ್ಭಕೋಶ, ಕೆಲವೊಮ್ಮೆ ಜಠರದ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಇದಕ್ಕೆ ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಇದರ ಕಥೆ ಶುರುವಾದದ್ದು 1895ರಲ್ಲಿ, ಅಮೆರಿಕದ ಒಬ್ಬ ಬಟ್ಟೆ ಹೊಲಿಯುವ ಹೆಣ್ಣುಮಗಳಿಂದ. ನಮ್ಮ ಮನೆಯವರೆಲ್ಲ ಇದರಿಂದಲೇ ಸತ್ತಿದ್ದಾರೆ, ನಾನೂ ಹಾಗೇ ಸಾಯುತ್ತೇನೆ ಎಂದು ಆಕೆ ಆಲ್ಡ್ರೆಡ್ ವಾರ್ತಿನ್ ಎಂಬ ವೈದ್ಯರಿಗೆ ಹೇಳಿದ್ದಳು. ಅವರು ಅದನ್ನು ತಳ್ಳಿಹಾಕದೆ ಆ ಮನೆತನದ ವಂಶವೃಕ್ಷ ಬರೆಯತೊಡಗಿದರು. ಆಕೆ ಹೇಳಿದಂತೆಯೇ ಕ್ಯಾನ್ಸರ್‌ನಿಂದ ತೀರಿಕೊಂಡಳು. ನೂರು ವರ್ಷಗಳ ಬಳಿಕ ಅದೇ ಮನೆತನದಲ್ಲಿ ಎಂಎಸ್‌ಎಚ್2 ದೋಷ ಸಿಕ್ಕಿತು.

ಜಠರಕ್ಕೇ ಹತ್ತಿರದ ಉದಾಹರಣೆ ನ್ಯೂಜಿಲೆಂಡಿನದು. ಅಲ್ಲಿನ ಒಂದು ಮಾವೋರಿ ಮನೆತನದಲ್ಲಿ ಹದಿಹರೆಯದವರೂ ಸೇರಿದಂತೆ ಅನೇಕರು ಹೊಟ್ಟೆಯ ಕ್ಯಾನ್ಸರ್‌ನಿಂದ ಸತ್ತಿದ್ದರು. ಇದು ಶಾಪ ಎಂದು ಅವರಲ್ಲಿ ಕೆಲವರು ನಂಬಿದ್ದರು. ಆ ಮನೆಯವರೇ ಮುಂದೆ ನಿಂತು ವಿಜ್ಞಾನಿಗಳ ಜೊತೆ ಕೆಲಸ ಮಾಡಿದ್ದರಿಂದ 1998ರಲ್ಲಿ ಸಿಡಿಎಚ್1 ವಂಶವಾಹಿಯ ದೋಷ ಪತ್ತೆಯಾಯಿತು. ಇಂದು ಅದೇ ಪರೀಕ್ಷೆಯಿಂದ ಜಗತ್ತಿನ ಎಷ್ಟೋ ಮನೆಗಳು ಮುಂಚೆಯೇ ಎಚ್ಚರಗೊಳ್ಳುತ್ತಿವೆ. ದೋಷ ಇದ್ದವರಲ್ಲಿ ಕೆಲವರು ಕ್ಯಾನ್ಸರ್ ಬರುವ ಮೊದಲೇ ಜಠರವನ್ನೇ ತೆಗೆಸಿಕೊಳ್ಳುತ್ತಾರೆ. ದೊಡ್ಡ ನಿರ್ಧಾರ ಅದು, ಆದರೆ ಬದುಕಿ ಉಳಿದವರ ನಿರ್ಧಾರ.

ಇಂಥ ದೋಷ ತಂದೆ ಅಥವಾ ತಾಯಿಯಲ್ಲಿ ಇದ್ದರೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಭೇದವಿಲ್ಲ. ಸೋದರಮಾವನ ಮಗನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರಿಂದ ಇದು ಹುಟ್ಟುವುದಿಲ್ಲ. ಆದರೆ ದೋಷ ಮೊದಲೇ ಇರುವ ಮನೆತನದಲ್ಲಿ ಹತ್ತಿರದ ಸಂಬಂಧ ಬೆಳೆಸಿದರೆ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ ಇರುತ್ತದೆ. ಆಗ ಪರಿಣಾಮ ಇನ್ನೂ ಗಂಭೀರ.

ಎರಡೂ ಸೇರಿದಾಗ

ಬ್ಯಾಕ್ಟೀರಿಯಾ ಮತ್ತು ವಂಶವಾಹಿ ಒಂದೇ ಹೊಟ್ಟೆಯಲ್ಲಿ ಸೇರಿದರೆ? 2023ರಲ್ಲಿ ಜಪಾನಿನ ವಿಜ್ಞಾನಿಗಳು ಹತ್ತು ಸಾವಿರಕ್ಕೂ ಹೆಚ್ಚು ಜಠರ ಕ್ಯಾನ್ಸರ್ ರೋಗಿಗಳ ಡಿಎನ್‌ಎಯನ್ನು 38,000ಕ್ಕೂ ಹೆಚ್ಚು ಇತರರ ಡಿಎನ್‌ಎ ಜೊತೆ ಹೋಲಿಸಿದರು. ಪೈಲೋರಿ ಸೋಂಕು ಮಾತ್ರ ಇದ್ದವರಲ್ಲಿ 85ನೇ ವಯಸ್ಸಿನೊಳಗೆ ಜಠರ ಕ್ಯಾನ್ಸರ್ ಬರುವ ಅಂದಾಜು ನೂರಕ್ಕೆ ಸುಮಾರು 14. ಸೋಂಕಿನ ಜೊತೆ ಡಿಎನ್‌ಎ ರಿಪೇರಿಯ ಕೆಲವು ವಂಶವಾಹಿಗಳಲ್ಲಿ (ಸ್ತನ ಕ್ಯಾನ್ಸರ್ ಸುದ್ದಿಯಲ್ಲಿ ಕೇಳಿರುವ ಬಿಆರ್‌ಸಿಎ1, ಬಿಆರ್‌ಸಿಎ2 ಇದರಲ್ಲಿವೆ) ದೋಷವೂ ಇದ್ದವರಲ್ಲಿ ಅದು ಸುಮಾರು 45. ಸೋಂಕೇ ಇಲ್ಲದವರಲ್ಲಿ ಬಹಳ ಕಡಿಮೆ.

ಕಾರಣ ಊಹಿಸಬಹುದು. ಈ ಬ್ಯಾಕ್ಟೀರಿಯಾ ಜಠರದ ಒಳಪದರದ ಜೀವಕೋಶಗಳಲ್ಲಿ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸುವಂತೆ ಮಾಡುತ್ತದೆ. ಅದನ್ನು ಸರಿಯಾಗಿ ಹೊಲಿಯಬೇಕಾದ ದರ್ಜಿಯೇ ದುರ್ಬಲನಾಗಿದ್ದರೆ ತೇಪೆ ತಪ್ಪುತ್ತದೆ. ಇವು ಜಪಾನಿನ ಅಂಕಿಗಳು, ಅಲ್ಲಿ ಈ ಕ್ಯಾನ್ಸರ್ ನಮಗಿಂತ ಹೆಚ್ಚು. ದೋಷ ಇದ್ದವರ ಸಂಖ್ಯೆ ಸಣ್ಣದಾದ್ದರಿಂದ ಆ 45 ಎಂಬ ಅಂದಾಜಿನಲ್ಲಿ ಏರುಪೇರಿಗೂ ಬಹಳ ಅವಕಾಶವಿದೆ. ಹಾಗಾಗಿ ಅದನ್ನು ವಾಟ್ಸಾಪ್‌ಗೆ ಹಾಕಿ ಊರಿಗೆಲ್ಲ ಹೆದರಿಕೆ ಹಂಚಬೇಡಿ.

ಗೆಳೆಯರಿಗೆ ನಾವು ಮೊದಲು ಹೇಳಿದ್ದು ಇನ್ನೊಂದು ಅಧ್ಯಯನದ ಬಗ್ಗೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಜಠರ ಕ್ಯಾನ್ಸರ್ ಬಂದಿದ್ದ, ಪೈಲೋರಿ ಸೋಂಕೂ ಇದ್ದ ಸುಮಾರು 1,700 ಜನರನ್ನು ದಕ್ಷಿಣ ಕೊರಿಯಾದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಒಂಬತ್ತು ವರ್ಷಗಳ ಬಳಿಕ ಮೊದಲ ಗುಂಪಿನಲ್ಲಿ 10 ಜನರಿಗೆ, ಎರಡನೆಯದರಲ್ಲಿ 23 ಜನರಿಗೆ ಕ್ಯಾನ್ಸರ್ ಬಂದಿತ್ತು. ರಕ್ತ ಬದಲಾಗಲಿಲ್ಲ, ವಂಶ ಬದಲಾಗಲಿಲ್ಲ, ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು.

ಪರೀಕ್ಷೆ ಎಂದರೆ ಏನು ಮಾಡಿಸಬೇಕು

ಸೋಂಕು ಪತ್ತೆಗೆ ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ ಸಾಕು, ಅಗತ್ಯವಿದ್ದರೆ ಎಂಡೋಸ್ಕೋಪಿ. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಹಿಂದೆಂದೋ ಬಂದು ಹೋದ ಸೋಂಕನ್ನೂ ತೋರಿಸುವುದರಿಂದ ಅದನ್ನೊಂದೇ ನಂಬಲಾಗದು. ಗ್ಯಾಸ್ಟ್ರಿಕ್ ಮಾತ್ರೆಯನ್ನು ಎರಡು ವಾರ, ಆ್ಯಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಬಿಟ್ಟ ಮೇಲೆ ಪರೀಕ್ಷೆ ಮಾಡಿಸಬೇಕು, ಇಲ್ಲವಾದರೆ ಸೋಂಕಿದ್ದರೂ ಇಲ್ಲ ಎಂದು ಬರಬಹುದು. ಮಾತ್ರೆ ನಿಲ್ಲಿಸುವ ಮುನ್ನ ವೈದ್ಯರನ್ನು ಕೇಳಿ. ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನ, ಎರಡು ಮೂರು ಆ್ಯಂಟಿಬಯೋಟಿಕ್‌ಗಳ ಜೊತೆ ಆಮ್ಲ ತಗ್ಗಿಸುವ ಮಾತ್ರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನ ನುಂಗಿ ಬಿಡುವ ಅಭ್ಯಾಸದಿಂದಲೇ ಕೆಲವು ಆ್ಯಂಟಿಬಯೋಟಿಕ್‌ಗಳು ನಮ್ಮಲ್ಲಿ ಕೆಲಸ ಮಾಡದಂತಾಗಿವೆ. ಮುಗಿದ ಮೇಲೆ ಹೋಗಿದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಬೇಕು.

ವಂಶವಾಹಿ ಪರೀಕ್ಷೆ ಎಲ್ಲರಿಗೂ ಬೇಡ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇಬ್ಬರಿಗೋ ಹೆಚ್ಚು ಜನಕ್ಕೋ ಬಂದಿದ್ದರೆ, ಐವತ್ತಕ್ಕೂ ಮೊದಲೇ ಬಂದಿದ್ದರೆ, ಅದೇ ಕುಟುಂಬದಲ್ಲಿ ಸ್ತನ, ಕರುಳು, ಗರ್ಭಕೋಶದ ಕ್ಯಾನ್ಸರ್ ಕೂಡ ಇದ್ದರೆ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರ ಬಳಿ ಜೆನೆಟಿಕ್ ಕೌನ್ಸೆಲಿಂಗ್ ಬಗ್ಗೆ ಕೇಳಬೇಕು. ಅಲ್ಲಿಗೆ ಹೋಗುವಾಗ ಮೂರು ತಲೆಮಾರಿನ ಪಟ್ಟಿ ಒಯ್ಯಿರಿ: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ. ಹಳೆಯ ಬಯಾಪ್ಸಿ ವರದಿ ಇದ್ದರೆ ಎಸೆಯಬೇಡಿ.

ಈ ಪಟ್ಟಿಯೇ ನಮ್ಮ ಗೆಳೆಯರಿಗೆ ಕಷ್ಟವಾಯಿತು. ತಾತನ ಕಾಯಿಲೆ ಏನೆಂದು ಕೇಳಬೇಕಾದರೆ ದೊಡ್ಡಪ್ಪನನ್ನು ಕೇಳಬೇಕು, ದೊಡ್ಡಪ್ಪನನ್ನು ಕೇಳಿದರೆ ಊರಿಗೆ ಗೊತ್ತಾಗುತ್ತದೆ, ತಂಗಿಯ ಸಂಬಂಧ ತಪ್ಪಬಹುದು. ತಾಯಿಯ ಹೆದರಿಕೆಯನ್ನು ಮೂಢನಂಬಿಕೆ ಎಂದು ನಾವು ಹೀಗಳೆಯುವುದಿಲ್ಲ, ಹೀಗೆ ಸಂಬಂಧ ತಪ್ಪಿದ ಮನೆಗಳು ಇವೆ. ಆದರೆ ಮುಚ್ಚಿಟ್ಟರೆ ಪರೀಕ್ಷೆ ತಪ್ಪುವುದು ಆ ತಂಗಿಗೇ. ಕೊನೆಗೆ ಅವರು ಮೊದಲು ಹೇಳಿದ್ದು ತಂಗಿಗೆ. ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೋಗಿ ಉಸಿರಿನ ಪರೀಕ್ಷೆ ಮಾಡಿಸಿಕೊಂಡರು. ಅಣ್ಣನಿಗೆ ಸೋಂಕಿತ್ತು, ತಂಗಿಗೆ ಇರಲಿಲ್ಲ. ಅಣ್ಣನ ಮಾತ್ರೆ ಮುಗಿದಿದೆ, ಮರುಪರೀಕ್ಷೆ ಮುಂದಿನ ತಿಂಗಳು. ದೊಡ್ಡಪ್ಪನನ್ನು ಕೇಳುವುದು ಇನ್ನೂ ಬಾಕಿ ಇದೆ.